ಹಳೆಯ ಡೀಸೆಲ್ ಗಾಡಿಯ ಇಜಿಆರ್ ದೋಷ: ವಾಲ್ವ್ ಬದಲಿಸುವ ಮುನ್ನ ಮಾಡಬೇಕಾದ ಪರೀಕ್ಷೆಗಳು

ನವಲಗುಂದದಿಂದ ಹುಬ್ಬಳ್ಳಿಗೆ ದಿನವೂ ಓಡಾಡುವ, 2011ರ ಮಾದರಿಯ, 2.5 ಲೀಟರಿನ ಕಾಮನ್ ರೈಲ್ ಎಂಜಿನ್ ಇರುವ ಗಾಡಿಯೊಂದು ಕಳೆದ ಮಳೆಗಾಲದಲ್ಲಿ ನನ್ನ ಶೆಡ್ಡಿಗೆ ಬಂದಾಗ, ಅದಕ್ಕೆ ಬೇರೊಂದು ಗ್ಯಾರೇಜಿನಲ್ಲಿ ಹೊಸ ಇಜಿಆರ್ ವಾಲ್ವ್ (ಎಂಜಿನ್ನಿನ ಹೊಗೆಯ ಒಂದು ಪಾಲನ್ನು ಮತ್ತೆ ಒಳಗೆ ಬಿಡುವ ವಾಲ್ವ್) ಹಾಕಿ ಹದಿನೈದು ದಿನವೂ ಆಗಿರಲಿಲ್ಲ. “ಗಾಡಿ ಎಳಿಯಾಕ ಒಲ್ಲದ್ರೀ, ಲೈಟು ಮತ್ತ ಹತ್ತೇತಿ” ಎಂದು ಮಾಲೀಕರು ಹೇಳಿದರು. ಸ್ಕ್ಯಾನರ್ ಹಚ್ಚಿದಾಗ ಹಳೆಯ ವಾಲ್ವ್ ಇದ್ದಾಗ ಬಂದಿದ್ದ ಕೋಡೇ, ಅಂದರೆ ಪಿ 0401, ಮತ್ತೆ ಬಂದಿತ್ತು. ಕೋಡಿನ ಅರ್ಥ ‘ಇಜಿಆರ್ ಹರಿವು ಸಾಲದು’ ಎಂದು ಮಾತ್ರ; ‘ವಾಲ್ವ್ ಕೆಟ್ಟಿದೆ’ ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಈ ಎರಡು ಮಾತುಗಳ ನಡುವಿನ ಅಂತರವನ್ನು ಗಮನಿಸದೆ ಹೋದದ್ದರಿಂದ ಆ ಮಾಲೀಕರು ಒಂದು ವಾಲ್ವಿನ ಹಣವನ್ನು ಸುಮ್ಮನೆ ಕಳೆದುಕೊಂಡಿದ್ದರು.

ಇಜಿಆರ್ ಮಾಡುವ ಕೆಲಸವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 78ರಷ್ಟು ಸಾರಜನಕವಿದೆ. ಸಿಲಿಂಡರಿನೊಳಗೆ ಉಷ್ಣತೆ ಬಹಳ ಏರಿದಾಗ ಈ ಸಾರಜನಕವು ಆಮ್ಲಜನಕದೊಡನೆ ಕೂಡಿ ನೈಟ್ರೋಜನ್ ಆಕ್ಸೈಡುಗಳಾಗಿ ಹೊರಬರುತ್ತದೆ. ಸೈಲೆನ್ಸರಿನ ಕಡೆಗೆ ಹೋಗುವ ಹೊಗೆಯ ಒಂದು ಪಾಲನ್ನು ಇನ್‌ಟೇಕ್ ಮ್ಯಾನಿಫೋಲ್ಡಿಗೆ, ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಗೆ, ಹಿಂದಿರುಗಿಸಿದರೆ ಒಳಹೋಗುವ ಆಮ್ಲಜನಕ ಕಡಿಮೆಯಾಗಿ ಉರಿಯ ಗರಿಷ್ಠ ಉಷ್ಣತೆ ಇಳಿಯುತ್ತದೆ. ಎಂಜಿನ್ ಬೆಚ್ಚಗಾದ ಮೇಲೆ, ಅರ್ಧ ಹೊರೆಯಲ್ಲಿ, ಸಮವೇಗದಲ್ಲಿ ಹೋಗುವಾಗ ವಾಲ್ವ್ ತೆರೆದಿರುತ್ತದೆ. ತಣ್ಣನೆಯ ಎಂಜಿನ್ನಿನಲ್ಲೂ, ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗಲೂ ಸಾಮಾನ್ಯವಾಗಿ ಮುಚ್ಚಿರುತ್ತದೆ. ಐಡ್ಲಿಂಗಿನಲ್ಲಿ ಮೊದಲು ತೆರೆದಿದ್ದು, ಕೆಲವು ನಿಮಿಷಗಳ ನಂತರ ಮಸಿ ಕೂಡದಿರಲೆಂದು ಮುಚ್ಚಿಕೊಳ್ಳುವ ಎಂಜಿನ್ನುಗಳು ಅನೇಕ ಇವೆ. ಇದು ತಿಳಿದಿಲ್ಲದವರು ಹತ್ತು ನಿಮಿಷ ಐಡ್ಲಿಂಗಿನಲ್ಲಿ ನಿಂತ ಗಾಡಿಯಲ್ಲಿ ವಾಲ್ವ್ ಮುಚ್ಚಿರುವುದನ್ನು ಕಂಡು ಅದನ್ನೇ ದೋಷವೆಂದು ಬಗೆಯುತ್ತಾರೆ.

ಲಕ್ಷಣಗಳಿಂದ ಆರಂಭ

ವಾಲ್ವ್ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿದ್ದರೆ ಬೇಡದ ವೇಳೆಯಲ್ಲೂ ಹೊಗೆ ಒಳಬಂದು ಉರಿಯಲು ಗಾಳಿ ಸಾಲದಾಗುತ್ತದೆ. ಕಪ್ಪು ಹೊಗೆ, ಕೆಳಗಿನ ಆರ್‌ಪಿಎಂನಲ್ಲಿ ಪಿಕಪ್ ಇಲ್ಲದಿರುವುದು, ಐಡ್ಲಿಂಗಿನಲ್ಲಿ ಕುಲುಕಾಟ, ಸಿಗ್ನಲ್ಲಿನಲ್ಲಿ ಎಂಜಿನ್ ಬಂದ್ ಆಗುವುದು ಇದರ ಗುರುತುಗಳು. ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿಕೊಂಡಿದ್ದರೆ ಓಡಿಸುವವನಿಗೆ ಬಹುತೇಕ ಏನೂ ಗೊತ್ತಾಗುವುದಿಲ್ಲ. ಎಚ್ಚರಿಕೆಯ ದೀಪ ಹತ್ತುತ್ತದೆ, ಕೆಲವು ಎಂಜಿನ್ನುಗಳಲ್ಲಿ ಉರಿಯ ಬಡಿತದ ಸದ್ದು ಸ್ವಲ್ಪ ಹೆಚ್ಚುತ್ತದೆ, ಅಷ್ಟೆ. ಹಾಗಾಗಿ ‘ಹರಿವು ಸಾಲದು’ ಎಂಬ ಕೋಡಿನ ಜೊತೆಗೆ ‘ಗಾಡಿ ಎಳೆಯುತ್ತಿಲ್ಲ’ ಎಂಬ ದೂರೂ ಬಂದರೆ ಎರಡಕ್ಕೂ ಮುಚ್ಚಿದ ವಾಲ್ವೊಂದೇ ಕಾರಣವಾಗಿರುವ ಸಂಭವ ಕಡಿಮೆ, ಬೇರೆಲ್ಲೋ ಗಾಳಿಯ ದಾರಿ ಕಟ್ಟಿದೆ ಎಂದು ಶಂಕಿಸಬೇಕು. ನವಲಗುಂದದ ಗಾಡಿಯಲ್ಲಿ ನನಗೆ ಮೊದಲ ಸುಳಿವು ಸಿಕ್ಕಿದ್ದು ಈ ಹೊಂದಿಕೆಯಾಗದ ಜೋಡಿಯಿಂದಲೇ.

ಸ್ಕ್ಯಾನರ್ ತೆಗೆಯುವ ಮುನ್ನ ಬಾನೆಟ್ ತೆರೆದು ಕಣ್ಣಿನಿಂದ ನೋಡಬೇಕಾದದ್ದು ಬಹಳಷ್ಟಿದೆ. ನಮ್ಮ ಎರೆ ಭೂಮಿಯ ಸೀಮೆಯಲ್ಲಿ ಬೇಸಿಗೆಯ ದೂಳು ಏರ್ ಫಿಲ್ಟರನ್ನು ಕಂಪನಿಯ ಕೈಪಿಡಿ ಹೇಳುವ ಅವಧಿಗಿಂತ ಎಷ್ಟೋ ಮೊದಲು ಕಟ್ಟಿಬಿಡುತ್ತದೆ. ಕಟ್ಟಿದ ಫಿಲ್ಟರ್ ಕೊಡುವ ಲಕ್ಷಣಗಳು, ಅಂದರೆ ಕಪ್ಪು ಹೊಗೆ ಮತ್ತು ಪಿಕಪ್ಪಿನ ಕೊರತೆ, ತೆರೆದ ಇಜಿಆರ್ ವಾಲ್ವಿನ ಲಕ್ಷಣಗಳೇ ಆಗಿವೆ. ಟರ್ಬೊದಿಂದ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಹೋಸುಗಳ ಕೆಳಮೈಯನ್ನು ಕೈಯಿಂದ ಸವರಿ ನೋಡಬೇಕು, ಏಕೆಂದರೆ ಬಿರುಕು ಬೀಳುವುದು ಕಣ್ಣಿಗೆ ಕಾಣದ ಆ ಬದಿಯಲ್ಲೇ. ಅಲ್ಲಿ ಬಿರುಕಿದ್ದರೆ ಗಾಳಿಯನ್ನು ಎಂಎಎಫ್ ಸೆನ್ಸರ್ (ಒಳಹೋಗುವ ಗಾಳಿಯ ಪ್ರಮಾಣ ತಿಳಿಸುವ ಸೆನ್ಸರ್) ಅಳೆದ ನಂತರ ಅದು ಸೋರಿಹೋಗುತ್ತದೆ; ಎಂಜಿನ್ನಿಗೆ ಹೆಚ್ಚು ಗಾಳಿ ಹೋಗುತ್ತಿದೆ, ಆದ್ದರಿಂದ ಇಜಿಆರ್ ಹರಿಯುತ್ತಿಲ್ಲ ಎಂದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಲೆಕ್ಕ ಹಾಕಿ ಪಿ 0401 ಬರೆದಿಡುತ್ತದೆ. ಮಳೆಗಾಲದಲ್ಲಿ ಹೊಲದ ಮನೆಯ ಮುಂದೆ ನಿಲ್ಲುವ ಗಾಡಿಗಳಲ್ಲಿ ಇಲಿ ಕಡಿದ ವೈರುಗಳನ್ನೂ ನಾನು ಹಲವು ಬಾರಿ ಕಂಡಿದ್ದೇನೆ. ವ್ಯಾಕ್ಯೂಮಿನ ತೆಳು ಹೋಸುಗಳಿಗೂ ಇಲಿಗಳು ಬಾಯಿ ಹಾಕುತ್ತವೆ.

ಸ್ಕ್ಯಾನರಿನ ಅಂಕಿಗಳನ್ನು ಓದುವುದು

ಕೋಡುಗಳನ್ನು ಅಳಿಸುವ ಮುನ್ನ ಬರೆದುಕೊಳ್ಳಬೇಕು. ಅವುಗಳ ಜೊತೆಗೆ ಉಳಿದಿರುವ, ದೋಷ ಕಂಡ ಕ್ಷಣದ ಆರ್‌ಪಿಎಂ, ಹೊರೆ ಮತ್ತು ಎಂಜಿನ್ ಉಷ್ಣತೆಯನ್ನೂ ಬರೆದುಕೊಳ್ಳಬೇಕು. ಪಿ 0402 ಎಂದರೆ ಹರಿವು ಮಿತಿಮೀರಿದೆ ಎಂದು, ಪಿ 0403 ಎಂದರೆ ವಾಲ್ವನ್ನು ನಡೆಸುವ ವಿದ್ಯುತ್ ಸರ್ಕಿಟ್ಟಿನ ದೋಷ, ಪಿ 0404 ಎಂದರೆ ಹೇಳಿದ ಸ್ಥಾನಕ್ಕೆ ವಾಲ್ವ್ ಬರುತ್ತಿಲ್ಲ ಎಂದು, ಪಿ 0405 ಮತ್ತು ಪಿ 0406 ಸ್ಥಾನ ತಿಳಿಸುವ ಸೆನ್ಸರಿನ ಸಿಗ್ನಲ್ ತೀರ ಕೆಳಗೆ ಅಥವಾ ತೀರ ಮೇಲೆ ಇದೆ ಎಂದು. ಇವುಗಳ ಜೊತೆಗೆ ಪಿ 0101 ಇದ್ದರೆ ಮೊದಲು ಎಂಎಎಫ್ ಸೆನ್ಸರನ್ನೂ, ಪಿ 0299 ಇದ್ದರೆ ಮೊದಲು ಟರ್ಬೊದ ಒತ್ತಡವನ್ನೂ ವಿಚಾರಿಸಬೇಕು.

ಮುಂದಿನ ಹೆಜ್ಜೆ ಬಹಳ ಸರಳ, ಆದರೂ ಮಾಡುವವರು ವಿರಳ. ಎಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ಆನ್ ಮಾಡಿ ಮ್ಯಾನಿಫೋಲ್ಡ್ ಒತ್ತಡವನ್ನು ಓದಬೇಕು. ಆಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ 93ರಿಂದ 94 ಕಿಲೋಪ್ಯಾಸ್ಕಲ್ ಬರಬೇಕು. ಧಾರವಾಡದಲ್ಲಿ ಇನ್ನೊಂದಿಷ್ಟು ಕಡಿಮೆ, ಹಾವೇರಿಯಲ್ಲಿ ತುಸು ಹೆಚ್ಚು. ಪುಸ್ತಕದಲ್ಲಿರುವ 101ನ್ನು ನಂಬಿ ಸೆನ್ಸರ್ ಬದಲಿಸಿದವರೂ ಇದ್ದಾರೆ. ನಿಜವಾಗಿ ಇಲ್ಲಿ 101 ತೋರಿಸುವ ಸೆನ್ಸರನ್ನೇ ಸಂದೇಹದಿಂದ ನೋಡಬೇಕು.

ಬಳಿಕ ಎಂಜಿನ್ನನ್ನು 80 ಡಿಗ್ರಿಯವರೆಗೆ ಬೆಚ್ಚಗಾಗಲು ಬಿಟ್ಟು, ಐಡ್ಲಿಂಗಿನಲ್ಲಿ ಎಂಎಎಫ್ ಅಂಕಿಯನ್ನು ನೋಡಬೇಕು. ಎಷ್ಟಿರಬೇಕು ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. 2.5 ಲೀಟರಿನ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಸಿಲಿಂಡರಿನ ಗಾತ್ರ 625 ಸಿಸಿ. ನಮ್ಮ ಎತ್ತರದಲ್ಲಿ, 30 ಡಿಗ್ರಿ ಬಿಸಿಲಿನಲ್ಲಿ ಒಂದು ಲೀಟರ್ ಗಾಳಿಯ ತೂಕ ಸುಮಾರು 1.07 ಗ್ರಾಂ ಆಗುವುದರಿಂದ ಸಿಲಿಂಡರ್ ಪೂರ್ತಿ ತುಂಬಿದರೆ 670 ಮಿಲಿಗ್ರಾಂ. ಐಡ್ಲಿಂಗಿನಲ್ಲಿ ಶೇಕಡಾ 85ರಷ್ಟು ತುಂಬುತ್ತದೆಂದು ಹಿಡಿದರೆ ಪ್ರತಿ ಸೇದಿಕೆಗೆ ಹತ್ತಿರ ಹತ್ತಿರ 570 ಮಿಲಿಗ್ರಾಂ ಬರುತ್ತದೆ. ಸ್ಕ್ಯಾನರ್ ಸೆಕೆಂಡಿಗೆ ಇಷ್ಟು ಗ್ರಾಂ ಎಂದು ತೋರಿಸುವುದಾದರೆ 800 ಆರ್‌ಪಿಎಂನಲ್ಲಿ ಇದು ಸುಮಾರು 15 ಗ್ರಾಂ ಆಗುತ್ತದೆ. ಇವು ಇಜಿಆರ್ ಪೂರ್ತಿ ಮುಚ್ಚಿದಾಗಿನ ಅಂಕಿಗಳು. ವಾಲ್ವ್ ತೆರೆದರೆ ಹೊಗೆಯು ಒಂದಿಷ್ಟು ಜಾಗವನ್ನು ಆಕ್ರಮಿಸಿ ಶುದ್ಧ ಗಾಳಿ ಸ್ಪಷ್ಟವಾಗಿ, ಕೆಲವೊಮ್ಮೆ ಅರ್ಧದಷ್ಟೇ, ಇಳಿಯಬೇಕು. ಈ ಇಳಿಕೆಯನ್ನೇ ಇಸಿಯು ಇಜಿಆರ್ ಹರಿವೆಂದು ಪರಿಗಣಿಸುತ್ತದೆ.

ಹೀಗೆ ಅಂಕಿಯೊಂದು ಕೈಯಲ್ಲಿದ್ದರೆ ಎರಡು ದೋಷಗಳನ್ನು ಬೇರ್ಪಡಿಸಬಹುದು. ಗಾಳಿಯ ಅಂಕಿ ಕಡಿಮೆಯಿದ್ದು ಕಪ್ಪು ಹೊಗೆಯೂ ಇದ್ದರೆ ನಿಜವಾಗಿಯೂ ಗಾಳಿ ಸಾಲುತ್ತಿಲ್ಲ. ವಾಲ್ವ್ ತೆರೆದುಕೊಂಡಿದೆ ಅಥವಾ ದಾರಿ ಕಟ್ಟಿದೆ. ಗಾಳಿಯ ಅಂಕಿ ಕಡಿಮೆಯಿದ್ದು ಹೊಗೆಯೇ ಇಲ್ಲದೆ ಪಿಕಪ್ ಮಾತ್ರ ಇಲ್ಲದಿದ್ದರೆ, ಕೊಳೆ ಹಿಡಿದ ಎಂಎಎಫ್ ಸೆನ್ಸರ್ ಸುಳ್ಳು ಹೇಳುತ್ತಿದ್ದು ಅದನ್ನು ನಂಬಿದ ಇಸಿಯು ಡೀಸೆಲ್ಲನ್ನು ಕಡಿತ ಮಾಡುತ್ತಿದೆ ಎಂದು ತಿಳಿಯಬೇಕು. ಎಂಎಎಫ್ ಸೆನ್ಸರನ್ನು ಅದಕ್ಕೆಂದೇ ಸಿಗುವ ಸ್ಪ್ರೇಯಿಂದ ಮಾತ್ರ ತೊಳೆಯಬೇಕು. ಬಟ್ಟೆ ಅಥವಾ ಬ್ರಶ್ ತಾಗಿಸಿದರೆ ಒಳಗಿನ ತೆಳು ಪದರ ಹಾಳಾಗುತ್ತದೆ.

ವ್ಯಾಕ್ಯೂಮಿನಿಂದ ನಡೆಯುವ ವಾಲ್ವ್

ಇಲ್ಲಿ ಓಡಾಡುವ ಹಳೆಯ ಡೀಸೆಲ್ ಗಾಡಿಗಳ ಪೈಕಿ ಅನೇಕವುಗಳಲ್ಲಿರುವುದು ವ್ಯಾಕ್ಯೂಮ್ ವಾಲ್ವೇ. ಆಲ್ಟರ್ನೇಟರಿನ ಹಿಂಬದಿಯಲ್ಲೋ ಕ್ಯಾಮ್‌ಶಾಫ್ಟಿನ ತುದಿಯಲ್ಲೋ ಇರುವ ಪಂಪು ವ್ಯಾಕ್ಯೂಮ್ ಎಳೆಯುತ್ತದೆ, ಇಸಿಯು ಹೇಳಿದಷ್ಟನ್ನು ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಪುಟ್ಟ ಕವಾಟ) ಬಿಡುತ್ತದೆ, ವಾಲ್ವಿನ ತಲೆಯಲ್ಲಿರುವ ಡಯಾಫ್ರಾಮ್ ಎಂಬ ಪೊರೆ ಮೇಲೆದ್ದು ದಾರಿ ತೆರೆಯುತ್ತದೆ. ವ್ಯಾಕ್ಯೂಮ್ ಇಲ್ಲದಿದ್ದರೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ಕೋಡು ಒಂದೇ ಬರುವುದರಿಂದ ಒಂದೊಂದನ್ನೂ ಬಿಡಿಯಾಗಿ ಪರೀಕ್ಷಿಸಬೇಕು.

ಐಡ್ಲಿಂಗಿನಲ್ಲಿ ವಾಲ್ವಿನ ಹೋಸನ್ನು ಬಿಚ್ಚಿ, ಅದರ ಬಾಯಿ ಮುಚ್ಚಿ, ಎಂಜಿನ್ನಿನ ಸದ್ದು ಬದಲಾಗುವುದೇ ಎಂದು ಕೇಳಬೇಕು. ಬದಲಾದರೆ ಅಲ್ಲಿಯವರೆಗೂ ಹರಿವು ಇತ್ತು ಎಂದಾಯಿತು. ಆನಂತರ ಕೈಪಂಪಿನಿಂದ ವಾಲ್ವಿಗೆ ನೇರವಾಗಿ 400ರಿಂದ 500 ಮಿಲಿಮೀಟರ್ ಪಾದರಸದಷ್ಟು ವ್ಯಾಕ್ಯೂಮ್ ಕೊಟ್ಟು ಪಂಪಿನ ಮೀಟರಿನ ಮುಳ್ಳನ್ನು ಗಮನಿಸಬೇಕು. ಮುಳ್ಳು ಕೂಡಲೇ ಇಳಿದರೆ ಡಯಾಫ್ರಾಮ್ ಹರಿದಿದೆ. ಮುಳ್ಳು ನಿಂತಿದ್ದು ಎಂಜಿನ್ ತಡವರಿಸಿದರೆ, ಎಂಎಎಫ್ ಅಂಕಿ ಇಳಿದರೆ, ವಾಲ್ವೂ ದಾರಿಯೂ ಸರಿಯಿವೆ. ದೋಷ ಸೊಲೆನಾಯ್ಡಿನ ಕಡೆಗಿದೆ. ಮುಳ್ಳು ನಿಂತಿದೆ, ವಾಲ್ವಿನ ಕಡ್ಡಿ ಮೇಲೇಳುವುದು ಕಣ್ಣಿಗೆ ಕಾಣುತ್ತಿದೆ, ಆದರೂ ಎಂಜಿನ್ ಏನೂ ಆಗದಂತೆ ಓಡುತ್ತಿದೆ ಎಂದಾದರೆ ವಾಲ್ವಿನಾಚೆಯ ದಾರಿ ಮಸಿಯಿಂದ ಮುಚ್ಚಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನವಲಗುಂದದ ಗಾಡಿ ಕೊಟ್ಟ ಉತ್ತರ ಇದೇ. ಈ ಪರೀಕ್ಷೆಗೆ ನನಗೆ ಹಿಡಿದದ್ದು ಹತ್ತು ನಿಮಿಷ.

ಪಂಪಿನ ವ್ಯಾಕ್ಯೂಮ್ ಅಳೆಯುವಾಗಲೂ ಎತ್ತರದ ವಿಚಾರ ನೆನಪಿರಲಿ. ಇಲ್ಲಿ ಹೊರಗಾಳಿಯ ಒತ್ತಡವೇ ಸುಮಾರು 700 ಮಿಲಿಮೀಟರ್ ಆಗಿರುವುದರಿಂದ, ಸಮುದ್ರಮಟ್ಟದಲ್ಲಿ ಬರೆದ ಅಂಕಿಯಿಂದ 50–60 ಮಿಲಿಮೀಟರ್ ಕಳೆದು ಹೋಲಿಸಬೇಕು. ಸೊಲೆನಾಯ್ಡಿಗೆ ಬ್ಯಾಟರಿಯ ವೋಲ್ಟೇಜ್ ಬರುತ್ತಿದೆಯೇ, ಕಾಯಿಲಿನ ರೋಧ ಆ ಎಂಜಿನ್ನಿನ ಕೈಪಿಡಿಯಲ್ಲಿ ಹೇಳಿದಷ್ಟಿದೆಯೇ ಎಂದು ಮೀಟರಿನಿಂದ ನೋಡಬೇಕು. ಇನ್ನೊಂದು ಸಣ್ಣ ಸಂಗತಿಯನ್ನು ಬಹುತೇಕರು ಮರೆಯುತ್ತಾರೆ: ಸೊಲೆನಾಯ್ಡ್ ಹೊರಗಾಳಿಯನ್ನು ಒಳಬಿಟ್ಟು ವ್ಯಾಕ್ಯೂಮನ್ನು ಸಡಿಲಿಸುವ ಕಿಂಡಿಯಲ್ಲಿ ಸ್ಪಂಜಿನ ಒಂದು ಪುಟ್ಟ ಫಿಲ್ಟರ್ ಇರುತ್ತದೆ. ಅದು ದೂಳಿನಿಂದ ಕಟ್ಟಿದರೆ ಇಸಿಯು ಮುಚ್ಚು ಎಂದರೂ ವ್ಯಾಕ್ಯೂಮ್ ಬಿಡುಗಡೆಯಾಗದೆ ವಾಲ್ವ್ ತೆರೆದೇ ಉಳಿಯುತ್ತದೆ. ಗದಗ, ರೋಣ, ನವಲಗುಂದದ ಹೊಲದ ದಾರಿಗಳಲ್ಲಿ ಓಡುವ ಗಾಡಿಗಳಲ್ಲಿ ನಾನು ಮೊದಲು ಕೈ ಹಾಕುವ ಜಾಗಗಳಲ್ಲಿ ಇದೂ ಒಂದು.

ಮೋಟರಿನಿಂದ ನಡೆಯುವ ವಾಲ್ವಿನ ಪರೀಕ್ಷೆ ಮೀಟರಿನದು. ಸಾಮಾನ್ಯವಾಗಿ ಐದು ಪಿನ್ನುಗಳಲ್ಲಿ ಎರಡು ಮೋಟರಿಗೆ, ಮೂರು ಸ್ಥಾನದ ಸೆನ್ಸರಿಗೆ ಸೇರಿದವು. ಕೀಲಿ ಆನ್ ಇದ್ದಾಗ ಸೆನ್ಸರಿಗೆ 5 ವೋಲ್ಟ್ ಬರಬೇಕು, ಅರ್ತ್ ಸರಿಯಿರಬೇಕು, ಸ್ಕ್ಯಾನರಿನಿಂದ ವಾಲ್ವನ್ನು ತೆರೆದು ಮುಚ್ಚಿದಾಗ ಸಿಗ್ನಲ್ ವೋಲ್ಟೇಜ್ ಜಿಗಿಯದೆ ಸಮನಾಗಿ ಏರಿ ಇಳಿಯಬೇಕು. ಕನೆಕ್ಟರನ್ನು ಅಲುಗಾಡಿಸಿದಾಗ ಅಂಕಿ ಕುಣಿದರೆ ದೋಷ ವಾಲ್ವಿನದಲ್ಲ.

ಬಿಚ್ಚಿದ ಮೇಲೆ ಮಸಿಯನ್ನು ಓದುವುದು

ಬಿಚ್ಚುವ ಕೆಲಸವನ್ನು ಎಂಜಿನ್ ಪೂರ್ತಿ ತಣಿದ ಮೇಲೆ, ಬ್ಯಾಟರಿಯ ನೆಗೆಟಿವ್ ತೆಗೆದು ಮಾಡಬೇಕು. ಎಗ್ಸಾಸ್ಟ್ ಬದಿಯ ಬೋಲ್ಟುಗಳು ವರ್ಷಗಳ ಬಿಸಿಗೆ ಕಚ್ಚಿಕೊಂಡಿರುವುದರಿಂದ ಹಿಂದಿನ ಸಂಜೆಯೇ ಅವುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ಒಳ್ಳೆಯದು. ಅವಸರದಲ್ಲಿ ಪಾನಾ ಹಾಕಿ ಮುರಿದ ಒಂದು ಸ್ಟಡ್ ತೆಗೆಸಲು ಲೇತಿನವನಿಗೆ ಕೊಡುವ ಹಣದ ಮುಂದೆ ಎಣ್ಣೆಯ ಡಬ್ಬಿಯ ಬೆಲೆ ಏನೂ ಅಲ್ಲ.

ಒಳಗೆ ಕಾಣುವ ಮಸಿಯನ್ನು ಕೆರೆದು ಎಸೆಯುವ ಮುನ್ನ ಬೆರಳಿನಿಂದ ಮುಟ್ಟಿ ನೋಡಬೇಕು, ಏಕೆಂದರೆ ಮುಂದಿನ ದೋಷದ ಮೂಲ ಅದರಲ್ಲೇ ಇರುತ್ತದೆ. ದೀಪದ ಕಾಡಿಗೆಯಂತೆ ಒಣಗಿ ಉದುರುವ ಮಸಿ ಇದ್ದರೆ ಎಂಜಿನ್ನೇ ಹೆಚ್ಚು ಹೊಗೆ ಮಾಡುತ್ತಿದೆ. ಇಂಜೆಕ್ಟರುಗಳ ರಿಟರ್ನ್ ಪ್ರಮಾಣವನ್ನು, ಅಂದರೆ ಉರಿಯದೆ ಹಿಂದಿರುಗುವ ಡೀಸೆಲ್ಲನ್ನು, ಅಳೆದು ನೋಡಬೇಕು. ಊರೊಳಗೆ ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುತ್ತ, ಬೆಚ್ಚಗಾಗುವ ಮೊದಲೇ ಬಂದ್ ಆಗುವ ಗಾಡಿಗಳಲ್ಲಿಯೂ ಮಸಿ ಬೇಗ ಕೂಡುತ್ತದೆ. ಡಾಂಬರಿನಂತೆ ಹೊಳೆಯುವ, ಅಂಟುವ ಹಸಿ ಮಸಿ ಇದ್ದರೆ ಇನ್‌ಟೇಕಿಗೆ ಎಂಜಿನ್ ಆಯಿಲ್ ಬರುತ್ತಿದೆ; ಅದು ಬರುವುದು ಎಂಜಿನ್ನಿನೊಳಗಿನ ಆವಿಯನ್ನು ಇನ್‌ಟೇಕಿಗೆ ಬಿಡುವ ಬ್ರೀದರ್ ಪೈಪಿನಿಂದ ಅಥವಾ ಸವೆದ ಟರ್ಬೊದಿಂದ. ತೇವವಿದ್ದು ಬಿಳಿಯ ಅಥವಾ ತುಕ್ಕಿನ ಬಣ್ಣದ ಪೊರೆ ಕಟ್ಟಿದ್ದರೆ ಇಜಿಆರ್ ಕೂಲರ್ ಒಳಗೆ ಸೋರುತ್ತಿದೆ. ಇಂಥ ಗಾಡಿಯಲ್ಲಿ ಹೊರಗೆಲ್ಲೂ ಒಂದು ಹನಿಯೂ ಬೀಳದೆ ಕೂಲಂಟ್ ಕಡಿಮೆಯಾಗುತ್ತಿರುತ್ತದೆ, ಬೆಳಗಿನ ಚಾಲೂವಿನಲ್ಲಿ ಬಿಳಿ ಹೊಗೆ ಬರುತ್ತದೆ. ಕೂಲರನ್ನು ನೀರಿನಲ್ಲಿ ಮುಳುಗಿಸಿ, ಕೂಲಂಟಿನ ಬದಿಗೆ ಸುಮಾರು 1 ಬಾರ್ ಗಾಳಿ ಕೊಟ್ಟು ಗುಳ್ಳೆ ಬರುವುದೇ ಎಂದು ನೋಡಬೇಕು. ಬಂದರೆ ಬದಲಿಸಬೇಕು, ಬೆಸುಗೆ ಹಾಕಿಸಿ ನಂಬುವ ಭಾಗ ಅದಲ್ಲ.

ತೊಳೆಯಲು ಕಾರ್ಬೊರೇಟರ್ ಕ್ಲೀನರ್ ಅಥವಾ ಡೀಸೆಲ್, ಪ್ಲಾಸ್ಟಿಕ್ ಬ್ರಶ್, ತಾಳ್ಮೆ ಇಷ್ಟೇ ಸಾಕು. ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕುವ ರೂಢಿಯೊಂದಿದೆ. ಅಲ್ಯುಮಿನಿಯಂ ಮ್ಯಾನಿಫೋಲ್ಡನ್ನು ಅದು ತಿಂದುಹಾಕುತ್ತದೆ. ಮೋಟರ್ ಇರುವ ವಾಲ್ವಿನ ವಿದ್ಯುತ್ ಭಾಗಕ್ಕೆ ದ್ರವ ತಾಗಬಾರದು, ಡಯಾಫ್ರಾಮಿಗೂ ತಾಗಬಾರದು. ವಾಲ್ವ್ ಕೂರುವ ಸೀಟನ್ನು ಸ್ಕ್ರೂಡ್ರೈವರಿನಿಂದ ಕೆರೆದರೆ ಮುಂದೆ ಅದು ಎಂದಿಗೂ ಪೂರ್ತಿ ಮುಚ್ಚುವುದಿಲ್ಲ. ಓಡುತ್ತಿರುವ ಎಂಜಿನ್ನಿನ ಇನ್‌ಟೇಕಿಗೆ ಕ್ಲೀನರ್ ಸಿಂಪಡಿಸುವುದು ಎಲ್ಲಕ್ಕಿಂತ ಅಪಾಯಕರ: ಡೀಸೆಲ್ ಎಂಜಿನ್ ಅದನ್ನೇ ಇಂಧನವಾಗಿಸಿಕೊಂಡು, ಕೀಲಿ ತಿರುಗಿಸಿದರೂ ನಿಲ್ಲದೆ ರೇಸ್ ಏರಿಸಿಕೊಂಡು ಹೋಗಬಹುದು. ಮ್ಯಾನಿಫೋಲ್ಡನ್ನು ಬಿಚ್ಚಿ ಹೊರಗೆ ತೊಳೆದು, ಒಣಗಿಸಿ, ಹೊಸ ಗ್ಯಾಸ್ಕೆಟಿನೊಡನೆ ಕೂರಿಸಬೇಕು.

ತಗಡು ಹಾಕುವ ಮಾತು

“ಅದಕ್ಕೊಂದು ತಗಡ ಬಡದು ಬಿಡ್ರಿ, ಆತು” ಎಂಬ ಸಲಹೆ, ಅಂದರೆ ಇಜಿಆರ್ ದಾರಿಗೆ ಅಡ್ಡಲಾಗಿ ತಗಡಿಟ್ಟು ಮುಚ್ಚುವ ಸಲಹೆ, ಪ್ರತಿ ಗ್ಯಾರೇಜಿನಲ್ಲೂ ಸಿಗುತ್ತದೆ. ವಾಲ್ವ್ ತೆರೆದು ಸಿಕ್ಕಿಕೊಂಡ ಗಾಡಿಗೆ ತಗಡು ಹಾಕಿದರೆ ಹೊಗೆ ನಿಂತು ಪಿಕಪ್ ಬರುವುದು ನಿಜ, ಆದ್ದರಿಂದಲೇ ಆ ಸಲಹೆ ಇನ್ನೂ ಬದುಕಿದೆ. ಪರೀಕ್ಷೆಗಾಗಿ ಅರ್ಧ ಗಂಟೆ ತಗಡು ಹಾಕಿ ಎಂಎಎಫ್ ಅಂಕಿಯನ್ನು ಲೆಕ್ಕದ 570ರೊಡನೆ ಹೋಲಿಸುವುದನ್ನು ನಾನೂ ಮಾಡುತ್ತೇನೆ. ಕಾಯಂ ಆಗಿ ಹಾಕುವುದು ಬೇರೆ ವಿಷಯ. ಇಸಿಯು ಹರಿವನ್ನು ಲೆಕ್ಕವಿಡುವ ಎಂಜಿನ್ನಿನಲ್ಲಿ ಪಿ 0401 ಮತ್ತೆ ಮತ್ತೆ ಬರುತ್ತದೆ, ಉರಿಯ ಉಷ್ಣತೆ ಏರುತ್ತದೆ, ಗಾಡಿಯ ಹೊಗೆ ಸರ್ಟಿಫಿಕೇಟ್ ಪಡೆದ ವಿನ್ಯಾಸವನ್ನೇ ನಾವು ಕೆಡಿಸಿದಂತಾಗುತ್ತದೆ. ಡೀಸೆಲ್ ಗಾಡಿಯ ಪಿಯುಸಿ ಪರೀಕ್ಷೆಯಲ್ಲಿ ರೇಸ್ ಕೊಟ್ಟು ಹೊಗೆಯ ಸಾಂದ್ರತೆಯನ್ನಷ್ಟೇ ಅಳೆಯುವುದರಿಂದ ನೈಟ್ರೋಜನ್ ಆಕ್ಸೈಡುಗಳು ಅಲ್ಲಿ ಸಿಕ್ಕಿಬೀಳುವುದಿಲ್ಲ. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಹೊಗೆಯ ಮಿತಿಯನ್ನು ಹೇಳುವ 115ನೆಯ ನಿಯಮ ಪಿಯುಸಿ ಯಂತ್ರದ ಮುಂದೆ ನಿಂತ ಐದು ನಿಮಿಷಕ್ಕೆ ಮಾತ್ರ ಅನ್ವಯಿಸುವಂಥದ್ದಲ್ಲ.

ರಸ್ತೆಯ ಪರೀಕ್ಷೆ

ರಿಪೇರಿಯಾದ ಮೇಲೆ ಕೋಡು ಅಳಿಸಿ, ಕೀಲಿಯನ್ನು ಒಂದೆರಡು ಬಾರಿ ಆನ್–ಆಫ್ ಮಾಡಿ ಪ್ರತಿ ಬಾರಿಯೂ ಸ್ವಲ್ಪ ಕಾಯಬೇಕು. ಮೋಟರಿನ ವಾಲ್ವ್ ತನ್ನ ಮುಚ್ಚಿದ ಸ್ಥಾನವನ್ನು ಕಲಿತುಕೊಳ್ಳಲು ಕೆಲವು ಗಾಡಿಗಳಲ್ಲಿ ಸ್ಕ್ಯಾನರಿನ ಆಜ್ಞೆಯೂ ಬೇಕಾಗುತ್ತದೆ. ಆಮೇಲೆ ಎಲ್ಲರೂ ಗಾಡಿಯನ್ನು ಏರಿಗೆ ಒಯ್ಯುತ್ತಾರೆ. ಯಲ್ಲಾಪುರದಾಚೆಯ ಅರಬೈಲು ಘಟ್ಟವನ್ನು ಹತ್ತಿಸಿದರೆ ಪಿಕಪ್ ಬಂದಿದೆಯೇ, ವಾಲ್ವ್ ಸೋರದೆ ಮುಚ್ಚುತ್ತದೆಯೇ ಎಂಬುದು ತಿಳಿಯುತ್ತದೆ. ಆದರೆ ಪೂರ್ತಿ ಹೊರೆಯಲ್ಲಿ ಇಜಿಆರ್ ಮುಚ್ಚಿರುವುದರಿಂದ ‘ಹರಿವು ಸಾಲದು’ ಎಂಬ ದೋಷ ಹೋಯಿತೇ ಎಂಬುದು ಅಲ್ಲಿ ತಿಳಿಯುವುದೇ ಇಲ್ಲ. ಅದಕ್ಕೆ ಬೇಕಾದದ್ದು ಹುಬ್ಬಳ್ಳಿಯಿಂದ ಅಣ್ಣಿಗೇರಿಯ ಕಡೆಗೆ ಹೋಗುವಂಥ ಮಟ್ಟಸ ರಸ್ತೆ. ಬೆಚ್ಚಗಿನ ಎಂಜಿನ್ನಿನಲ್ಲಿ, 2,000 ಆರ್‌ಪಿಎಂ ಸುತ್ತಮುತ್ತ, ಹತ್ತು ಹದಿನೈದು ನಿಮಿಷ ಸಮವೇಗದಲ್ಲಿ ಓಡಿಸುತ್ತ ಪಕ್ಕದಲ್ಲಿ ಕುಳಿತವರು ಇಜಿಆರ್ ಆಜ್ಞೆ ಮತ್ತು ಎಂಎಎಫ್ ಅಂಕಿಗಳನ್ನು ನೋಡಬೇಕು. ಆಜ್ಞೆ ಏರಿದಾಗಲೆಲ್ಲ ಗಾಳಿ ಇಳಿಯಬೇಕು. ದೀಪ ಆರಿದೆ ಎಂದು ಅಂದೇ ಗಾಡಿ ಕೊಟ್ಟು ಕಳಿಸುವುದು ತರವಲ್ಲ, ಏಕೆಂದರೆ ಅನೇಕ ಗಾಡಿಗಳಲ್ಲಿ ದೋಷ ಎರಡು ಓಟಗಳಲ್ಲಿ ಸತತವಾಗಿ ಕಂಡ ಮೇಲಷ್ಟೇ ದೀಪ ಹತ್ತುತ್ತದೆ. ಬಾಕಿ ಇರುವ ಕೋಡುಗಳ ಪಟ್ಟಿಯನ್ನು ಎರಡನೆಯ ದಿನವೂ ನೋಡಬೇಕು.

ನವಲಗುಂದದ ಗಾಡಿಯ ಮ್ಯಾನಿಫೋಲ್ಡ್ ಬಿಚ್ಚಿದಾಗ ಇಜಿಆರ್ ಹೊಗೆ ಸೇರುವ ತೂತಿನಲ್ಲಿ ಪೆನ್ಸಿಲ್ ಹೋಗುವಷ್ಟು ಮಾತ್ರ ಜಾಗ ಉಳಿದಿತ್ತು, ಗಾಳಿಯ ಮುಖ್ಯ ದಾರಿಯೂ ಅರ್ಧಕ್ಕೆ ಇಳಿದಿತ್ತು. ಕೋಡೂ ಪಿಕಪ್ಪಿನ ದೂರೂ ಒಟ್ಟಿಗೆ ಬಂದದ್ದು ಹೀಗೆ. ಮಸಿ ಡಾಂಬರಿನಂತೆ ಹೊಳೆಯುತ್ತಿತ್ತು. ಟರ್ಬೊದ ಶಾಫ್ಟಿನಲ್ಲಿ ಆಟವಿರಲಿಲ್ಲ, ಅಂದರೆ ಅದು ಸವೆದಿರಲಿಲ್ಲ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಎಂಜಿನ್ ಆಯಿಲ್ ಮೇಲಿನ ಗೆರೆಗಿಂತ ಒಂದು ಬೆರಳು ಮೇಲಿತ್ತು. ಮಾಲೀಕರನ್ನು ಕೇಳಿದಾಗ, ದೂರದ ಓಡಾಟವೆಂದು ಪ್ರತಿ ಸರ್ವಿಸಿನಲ್ಲೂ ಅರ್ಧ ಲೀಟರ್ ಹೆಚ್ಚು ಹಾಕಿಸುವುದು ತಮ್ಮ ರೂಢಿ ಎಂದರು. ಹೆಚ್ಚಾದ ಆಯಿಲ್ ಬ್ರೀದರ್ ಪೈಪಿನ ಮೂಲಕ ಇನ್‌ಟೇಕಿಗೆ ಬಂದು ಮಸಿಯನ್ನು ಅಂಟಿಸುತ್ತಿತ್ತು. ಆಯಿಲನ್ನು ಗೆರೆಗೆ ಇಳಿಸಿ, ಬ್ರೀದರ್ ತೊಳೆದು, ಮ್ಯಾನಿಫೋಲ್ಡ್ ಕೂರಿಸಿದ ಮೇಲೆ ಇಜಿಆರ್ ಮುಚ್ಚಿದಾಗ 560, ತೆರೆದಾಗ 330 ಮಿಲಿಗ್ರಾಂ ಬಂತು. ಆ ಎರಡು ಅಂಕಿಗಳನ್ನೂ ದಿನಾಂಕವನ್ನೂ ಅವರ ಸರ್ವಿಸ್ ಪುಸ್ತಕದ ಒಳರಟ್ಟಿನ ಮೇಲೆ ಬರೆದುಕೊಟ್ಟಿದ್ದೇನೆ. ಹಿಂದಿನ ಗ್ಯಾರೇಜಿನವರು ಬಿಚ್ಚಿಕೊಟ್ಟಿದ್ದ ಹಳೆಯ ವಾಲ್ವ್ ಡಿಕ್ಕಿಯಲ್ಲೇ ಇತ್ತು. ಕೈಪಂಪು ಹಚ್ಚಿ ನೋಡಿದಾಗ ಮುಳ್ಳು ಇಳಿಯದೆ ನಿಂತೇ ಇತ್ತು.